ಆಸಿಲೋಸ್ಕೋಪ್ ತೋರಿಸಿದ್ದೆಲ್ಲ ಸರ್ಕ್ಯೂಟಿನದಲ್ಲ

ಪಾಲಿಟೆಕ್ನಿಕ್ ಲ್ಯಾಬಿರಲಿ, ರಿಪೇರಿ ಅಂಗಡಿಯಿರಲಿ, ಆಸಿಲೋಸ್ಕೋಪ್ ಮುಂದೆ ಕೂತವರ ಕೈ ಮೊದಲು ಹೋಗುವುದು ಆಟೋಸೆಟ್ ಗುಂಡಿಗೆ. ಅಲೆ ನಿಂತಿತು, ರೈಸ್ ಟೈಮ್ ಅಂಕಿ ಬಂತು, ಬರೆದುಕೊಂಡರಾಯಿತು ಎಂಬುದು ಬಹಳ ಜನರ ನಂಬಿಕೆ. ಆಟೋಸೆಟ್ ಮಾಡುವುದು ಕೆಲವು ಸೈಕಲ್‌ಗಳನ್ನು ಪರದೆಯೊಳಗೆ ಕೂರಿಸುವ ಕೆಲಸವನ್ನಷ್ಟೆ. ರೈಸ್ ಟೈಮಿಗೆ ನಮಗೆ ಬೇಕಾದದ್ದು ವೋಲ್ಟೇಜು ಶೇ 10ರಿಂದ ಶೇ 90ಕ್ಕೆ ಏರುವ ಆ ಒಂದು ಅಂಚು. ಟೈಮ್‌ಬೇಸನ್ನು ಕೈಯಾರೆ ತಿರುಗಿಸಿ, ಆ ಅಂಚೇ ಪರದೆಯ ತುಂಬ ಹರಡಿಕೊಳ್ಳುವಂತೆ ಮಾಡಬೇಕು.

‘100 ಮೆಗಾಹರ್ಟ್ಸ್ ಸ್ಕೋಪು 100 ಮೆಗಾಹರ್ಟ್ಸ್‌ವರೆಗೂ ಸರಿಯಾಗಿ ಅಳೆಯುತ್ತದೆ’ ಎನ್ನುತ್ತಾರೆ. ಇಲ್ಲ. ಆ ಮಿತಿಯಲ್ಲಿ 1 ವೋಲ್ಟಿನ ಸೈನ್ ಅಲೆ ಸುಮಾರು 0.7 ವೋಲ್ಟಾಗಿ ಕಾಣುತ್ತದೆ. 0.35 ಅನ್ನು ಈ ಮಿತಿಯಿಂದ, ಅಂದರೆ ಬ್ಯಾಂಡ್‌ವಿಡ್ತ್‌ನಿಂದ, ಭಾಗಿಸಿದರೆ ಸ್ಕೋಪಿನದೇ ರೈಸ್ ಟೈಮ್ ಸಿಗುತ್ತದೆ. ಇಲ್ಲಿ ಅದು 3.5 ನ್ಯಾನೋಸೆಕೆಂಡ್. ಲಾಜಿಕ್ ಚಿಪ್ಪಿನ ಅಂಚು 2 ನ್ಯಾನೋಸೆಕೆಂಡಿನದಾಗಿದ್ದರೆ ಎರಡರ ವರ್ಗಗಳು ಕೂಡಿ, ಮೊತ್ತದ ವರ್ಗಮೂಲವಾಗಿ ಪರದೆಯಲ್ಲಿ ಬರುವುದು ಸುಮಾರು 4. ಅಂದರೆ ನಾವು ಅಳೆದದ್ದು ಹೆಚ್ಚಾಗಿ ಸ್ಕೋಪನ್ನೇ. ಸ್ಕೋಪಿನ ರೈಸ್ ಟೈಮ್ ಅಂಚಿನ ಮೂರನೇ ಒಂದರಷ್ಟಿದ್ದರೆ ತಪ್ಪು ಶೇ 5ರ ಆಸುಪಾಸಿಗೆ ಇಳಿಯುತ್ತದೆ.

ಡಬ್ಬಿಯ ಮೇಲಿನ ‘ಸೆಕೆಂಡಿಗೆ 100 ಕೋಟಿ ಸ್ಯಾಂಪಲ್’ ಎಂಬ ಮಾತೂ ಎಲ್ಲ ಸೆಟ್ಟಿಂಗಿಗೆ ಅನ್ವಯಿಸುವುದಿಲ್ಲ. ಮೆಮೊರಿ 1 ಲಕ್ಷ ಬಿಂದುಗಳದ್ದಾಗಿದ್ದು, ಪರದೆಯಲ್ಲಿ 100 ಮಿಲಿಸೆಕೆಂಡ್ ಹಿಡಿಸಿದರೆ ವೇಗ ಸೆಕೆಂಡಿಗೆ 10 ಲಕ್ಷಕ್ಕೆ ಕುಸಿಯುತ್ತದೆ. ಆಗ ಮೈಕ್ರೋಸೆಕೆಂಡಿಗೆ ಒಂದೇ ಬಿಂದು. ನ್ಯಾನೋಸೆಕೆಂಡುಗಳ ಅಂಚು ಎರಡು ಬಿಂದುಗಳ ನಡುವೆಯೇ ಮುಗಿದುಹೋಗಿರುತ್ತದೆ.

ಇನ್ನು ಪ್ರೋಬು. ‘1ಎಕ್ಸ್ ಪ್ರೋಬು ಸಿಗ್ನಲನ್ನು ಕುಗ್ಗಿಸುವುದಿಲ್ಲ, ಆದ್ದರಿಂದ ಅದೇ ನಿಜ’ ಎಂಬ ಮಾತು ಕೇಳಲು ಸರಿ ಎನಿಸುತ್ತದೆ. ಆದರೆ 1ಎಕ್ಸ್‌ನಲ್ಲಿ ಕೇಬಲ್ಲೂ ಸೇರಿ 100 ಪಿಕೋಫ್ಯಾರಡ್ ಆಸುಪಾಸಿನ ಹೊರೆ ಸರ್ಕ್ಯೂಟಿನ ಮೇಲೆ ಬೀಳುತ್ತದೆ. 10 ಕಿಲೋಓಮ್ ರೆಸಿಸ್ಟರಿನ ಆಚೆ ಅಳೆದರೆ ಆ ಹೊರೆಯೊಂದೇ ಅಂಚನ್ನು 2.2 ಮೈಕ್ರೋಸೆಕೆಂಡಿಗೆ ಎಳೆಯುತ್ತದೆ. ಸಿಗ್ನಲನ್ನು ಹತ್ತನೇ ಒಂದಕ್ಕೆ ಕುಗ್ಗಿಸುವ, 12 ಪಿಕೋಫ್ಯಾರಡಿನ 10ಎಕ್ಸ್ ಹಾಕಿ, ಅದೇ ಜಾಗದಲ್ಲಿ 0.26. ಹಾಕುವ ಮುನ್ನ ಸ್ಕೋಪಿನಲ್ಲೇ ಚೌಕ ಅಲೆ ಕೊಡುವ ತುದಿಗೆ ಪ್ರೋಬು ಸಿಕ್ಕಿಸಿ, ಅಲೆಯ ಮೂಲೆಗಳು ನೇರವಾಗುವವರೆಗೆ ಪ್ರೋಬಿನ ಸಣ್ಣ ಸ್ಕ್ರೂ ತಿರುಗಿಸಿಕೊಳ್ಳಬೇಕು.

ನನಗೆ ತುಂಬ ಬೇಸರ ತರಿಸುವ ತಪ್ಪು ಮುಂದಿನದು. ಅಂಚು ಏರಿದ ಕೂಡಲೇ ಅಲೆ ನಡುಗುತ್ತದೆ. ‘ಬೋರ್ಡಿನಲ್ಲಿ ರಿಂಗಿಂಗ್ ಇದೆ’ ಎಂದು ತೀರ್ಮಾನಿಸಿ ರೆಸಿಸ್ಟರು, ಕೆಪಾಸಿಟರು ಸೇರಿಸಲು ಹೊರಡುತ್ತಾರೆ. ಮೊಸಳೆ ಕ್ಲಿಪ್ಪಿನ ಕಪ್ಪು ಗ್ರೌಂಡ್ ವೈರನ್ನು ಯಾರೂ ನೋಡುವುದಿಲ್ಲ. ಅದು ಸುಮಾರು 15 ಸೆಂಟಿಮೀಟರ್ ಉದ್ದ. ಮಿಲಿಮೀಟರಿಗೆ ಹೆಚ್ಚುಕಡಿಮೆ 1 ನ್ಯಾನೋಹೆನ್ರಿಯಂತೆ 150 ನ್ಯಾನೋಹೆನ್ರಿ ಇಂಡಕ್ಟೆನ್ಸ್. ಪ್ರೋಬಿನ 12 ಪಿಕೋಫ್ಯಾರಡ್ ಜೊತೆ ಸೇರಿ ಅದು 120 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತಾನೇ ನಡುಗುತ್ತದೆ. ಪ್ರೋಬಿನ ಟೋಪಿ ತೆಗೆದು, ತುದಿಯ ಲೋಹದ ಉಂಗುರಕ್ಕೆ ಪುಟ್ಟ ಗ್ರೌಂಡ್ ಸ್ಪ್ರಿಂಗ್ ಸಿಕ್ಕಿಸಿ, ಅಳೆಯುವ ಪಿನ್ನಿನ ಪಕ್ಕದ ಗ್ರೌಂಡಿಗೇ ಒತ್ತಿ ಹಿಡಿಯಿರಿ. ಸ್ಪ್ರಿಂಗ್ ಇಲ್ಲದಿದ್ದರೆ ಬರಿಯ ತಾಮ್ರದ ತಂತಿಯನ್ನು ಉಂಗುರಕ್ಕೆ ಸುತ್ತಿದರೂ ಆಗುತ್ತದೆ. ಆಮೇಲೂ ನಡುಕ ಉಳಿದಿದ್ದರೆ ಬೋರ್ಡನ್ನು ಅನುಮಾನಿಸಿ.

ಅವರೇಜಿಂಗ್ ಹಾಕಿದರೆ ನಿಖರತೆ ಹೆಚ್ಚುತ್ತದೆ ಎಂಬುದು ಅರ್ಧ ಸತ್ಯ. 16 ಸಲದ ಸರಾಸರಿ ಯಾದೃಚ್ಛಿಕ ನಾಯ್ಸನ್ನು ನಾಲ್ಕನೇ ಒಂದಕ್ಕೆ ಇಳಿಸುತ್ತದೆ, ನಿಜ. ಆದರೆ ಟ್ರಿಗರಿಗೆ ಹೋಲಿಸಿದರೆ ಅಂಚು ಪ್ರತಿಸಲ ತುಸು ಹಿಂದುಮುಂದಾಗುತ್ತಿದ್ದರೆ, ಸರಾಸರಿಯಲ್ಲಿ ಅದು ಓರೆಯಾಗಿ, ಇರುವುದಕ್ಕಿಂತ ನಿಧಾನವಾಗಿ ಕಾಣುತ್ತದೆ. ಅಪರೂಪಕ್ಕೆ ಬರುವ ಗ್ಲಿಚ್ಚಂತೂ ಅಳಿಸಿಯೇ ಹೋಗುತ್ತದೆ. ಅದನ್ನು ಹಿಡಿಯಬೇಕಿದ್ದರೆ ಅವರೇಜಿಂಗ್ ತೆಗೆದು, ಟ್ರಿಗರ್ ಮಟ್ಟವನ್ನು ಗ್ಲಿಚ್ ಮಾತ್ರ ದಾಟುವಷ್ಟಕ್ಕೆ ಇಟ್ಟು, ಸಿಂಗಲ್ ಗುಂಡಿ ಒತ್ತಿ ಕಾಯಬೇಕು.