ರೋಟರಿ ಎಂಜಿನ್: ಬೆರಳೆತ್ತಿದರೆ ಲೆಕ್ಕ!

ಪಶ್ಚಿಮ ಜರ್ಮನಿಯ ಎನ್‌ಎಸ್‌ಯು ಕಂಪನಿ 1967ರಲ್ಲಿ ತಂದ ರೋ 80 ಕಾರಿನ ಮಾಲೀಕರು ರಸ್ತೆಯಲ್ಲಿ ಎದುರಾದಾಗ ಪರಸ್ಪರ ಬೆರಳೆತ್ತಿ ತೋರುತ್ತಿದ್ದರಂತೆ. ಎಷ್ಟು ಬೆರಳೋ ಅಷ್ಟು ಬಾರಿ ಎಂಜಿನ್ ಬದಲಾಗಿದೆ ಎಂದರ್ಥ! ಕಾರುಪ್ರಿಯರು ಇಂದಿಗೂ ಹೇಳಿ ನಗುವ ಈ ಮಾತಿನ ಹಿಂದೆ ಒಂದು ಕಂಪನಿಯ ಪತನವಿದೆ.

ಫೆಲಿಕ್ಸ್ ವಾಂಕೆಲ್ ಕಲ್ಪನೆಯ ಈ ಎಂಜಿನ್ನಿನಲ್ಲಿ ಹಿಂದೆ ಮುಂದೆ ಚಲಿಸುವ ಪಿಸ್ಟನ್ ಇಲ್ಲ. ನಡು ತುಸು ಅಮುಕಿದ ಅಂಡಾಕಾರದ ಗೂಡಿನೊಳಗೆ ತ್ರಿಕೋನಾಕಾರದ ರೋಟರ್ ಸುತ್ತುತ್ತದೆ. ಆದ್ದರಿಂದಲೇ ಕಂಪನ ಅತ್ಯಲ್ಪ. ತೊಡಕಿರುವುದು ಆ ತ್ರಿಕೋನದ ಮೂರು ತುದಿಗಳಲ್ಲಿ. ಅಲ್ಲಿನ ತೆಳುವಾದ ಸೀಲುಗಳು ಗೂಡಿನ ಗೋಡೆಗೆ ಸದಾ ಉಜ್ಜುತ್ತಲೇ ಇರಬೇಕು. ಅವು ಸವೆದರೆ ಅನಿಲ ಸೋರಿ ಶಕ್ತಿ ಕುಂದುತ್ತದೆ. ವಾರಂಟಿಯಡಿ ಎಂಜಿನ್ ಬದಲಿಸಿಕೊಡುವುದರಲ್ಲೇ ಬಸವಳಿದ ಎನ್‌ಎಸ್‌ಯು 1969ರಲ್ಲಿ ಫೋಕ್ಸ್‌ವ್ಯಾಗನ್ ಪಾಲಾಯಿತು.

ಅದರಿಂದಲೇ ಪರವಾನಗಿ ಪಡೆದಿದ್ದ ಜಪಾನಿನ ಮಾಜ್ದಾ, ಸೀಲುಗಳನ್ನು ಸುಧಾರಿಸಿ, 1991ರಲ್ಲಿ ರೋಟರಿ ಕಾರಿನಿಂದಲೇ ಫ್ರಾನ್ಸ್‌ನ 24 ಗಂಟೆಗಳ ಲ ಮಾನ್ ಸ್ಪರ್ಧೆಯನ್ನು ಗೆದ್ದಿತು.