ಧರ್ಮಸ್ಥಳದ ಸೆಕೆಗೆ ಕಾರಣವೇನು?

ಪ್ರಶ್ನೆ: ಕಲಬುರಗಿಯಷ್ಟು ಉರಿಬಿಸಿಲಿಲ್ಲದಿದ್ದರೂ ಧರ್ಮಸ್ಥಳದ ಕಡೆ ಬೇಸಗೆ ಅಷ್ಟೊಂದು ಬಾಧಿಸುವುದೇಕೆ? ಮನೆಯಲ್ಲಿ ಅದಕ್ಕೇನು ಉಪಾಯ?

ಉತ್ತರ: ಬಿಸಿಲುಕಾಲದಲ್ಲಿ ದೇಹ ತಣಿಯುವುದು ಮುಖ್ಯವಾಗಿ ಬೆವರು ಆರುವುದರಿಂದ, ಆದರೆ ಅರಬ್ಬೀ ಸಮುದ್ರದ ತೇವಗಾಳಿ ಬೀಸಿಬರುವ, ಧರ್ಮಸ್ಥಳವಿರುವ ಬೆಳ್ತಂಗಡಿ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಆರ್ದ್ರತೆ, ಅಂದರೆ ಗಾಳಿಯಲ್ಲಿರುವ ನೀರಾವಿಯ ಅಂಶ, ಅಧಿಕವಾಗಿರುವುದರಿಂದ ಬೆವರು ಆರದೆ ಮೈಗಂಟಿಕೊಳ್ಳುತ್ತದೆ. ಒಣಹವೆಯ ಬಯಲುಸೀಮೆಗೆ ಒಗ್ಗುವ ಒದ್ದೆ ಪರದೆಯ ಉಪಾಯ ಇಲ್ಲಿ ಅಷ್ಟಾಗಿ ಫಲಿಸದು. ಬೇಕಾದದ್ದು ಗಾಳಿಯ ಓಡಾಟ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಹರಡಿದ ಹೆಂಚಿನ ಮಾಡು ಈ ದೃಷ್ಟಿಯಿಂದ ನಿಜಕ್ಕೂ ಶ್ಲಾಘ್ಯ: ಹೆಂಚುಗಳ ಸಂದುಗಳಿಂದ ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ, ನಡುವಿನ ಅಟ್ಟ ಮಾಡಿನ ಕಾವನ್ನು ಕೋಣೆಗಿಳಿಯಗೊಡದು. ಕಾಂಕ್ರೀಟು ತಾರಸಿಯಾದರೋ ಹಗಲು ಹೀರಿಕೊಂಡ ಶಾಖವನ್ನು ಇರುಳಿಡೀ ಒಳಗೆ ಸೂಸುತ್ತದೆಯಾದ್ದರಿಂದ, ಅದರ ಮೇಲೆ ಅಡಿಕೆ ಸೋಗೆ ಹರಡಿ ನೆರಳು ಮಾಡುವುದು, ಸಂಜೆಯ ಬಳಿಕ ಎದುರುಬದುರು ಕಿಟಕಿಗಳನ್ನು ತೆರೆದಿಡುವುದು ಮೇಲು.

ಊಟದಲ್ಲಿಯೂ ಈ ಪ್ರದೇಶದ ಜಾಣ್ಮೆಯಿದೆ. ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ, ಕಡುಗೆಂಪು ರಸವನ್ನು ಹಿಂಡಿ, ಬೆಲ್ಲ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕುಡಿಯುವ ಪಾನಕವು ಬೆವರಿನೊಡನೆ ಹೋದ ನೀರು, ಉಪ್ಪು ಎರಡನ್ನೂ ಒಂದಿಷ್ಟು ತುಂಬಿಕೊಡುತ್ತದೆ. ಒಂದೆಲಗವನ್ನು ತೆಂಗಿನತುರಿಯೊಡನೆ ರುಬ್ಬಿ ಮಜ್ಜಿಗೆಯಲ್ಲಿ ಕದಡಿದ, ಕುದಿಸದ ತಂಬುಳಿಯಂತೂ ಮಧ್ಯಾಹ್ನ ಒಲೆಯ ಮುಂದೆ ನಿಲ್ಲುವ ಕಷ್ಟವನ್ನೂ ಕಡಿಮೆ ಮಾಡುತ್ತದೆ.