ಹಿನ್ನೀರಿನ ಗೆರೆ ಎಳೆಯುವ ಲೆಕ್ಕ

ತುಂಬಿದ ಜಲಾಶಯದ ನೀರು ಉದ್ದಕ್ಕೂ ಒಂದೇ ಮಟ್ಟದಲ್ಲಿ ನಿಂತಿರುತ್ತದೆ ಎಂದೇ ನಾವೆಲ್ಲ ತಿಳಿದಿರುತ್ತೇವೆ. ವಿಜಯಪುರ ಜಿಲ್ಲೆಯ ಕೊಲ್ಹಾರದಿಂದ ಆಚೆ ದಡದ ಕೊರ್ತಿಗೆ ಹೋಗುವ ಮೂರು ಕಿಲೋಮೀಟರಿನಷ್ಟು ಉದ್ದದ ಸೇತುವೆಯ ಮೇಲಿಂದ ನೋಡಿದರೂ ಹಾಗೆಯೇ ಕಾಣುತ್ತದೆ. ಆದರೆ ಹೊಳೆ ಹರಿಯುತ್ತಿರುವಷ್ಟು ಕಾಲ ಆ ನೀರು ಮಟ್ಟಸವಾಗಿರುವುದಿಲ್ಲ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಗೇಟಿನ ಬಳಿ ಸಮುದ್ರಮಟ್ಟದಿಂದ 519.6 ಮೀಟರ್ ಇದ್ದರೆ ಕೊಲ್ಹಾರದಲ್ಲಿ ಅದಕ್ಕಿಂತ ತುಸು ಹೆಚ್ಚು, ಗಲಗಲಿಯಲ್ಲಿ ಇನ್ನೂ ತುಸು ಹೆಚ್ಚು. ಈ ‘ತುಸು’ ಎಷ್ಟು ಎಂಬುದರ ಮೇಲೆ ಯಾವ ಹೊಲ ಮುಳುಗಡೆ, ಯಾವುದು ಅಲ್ಲ ಎಂಬುದು ನಿಂತಿದೆ.

ಕೊಲ್ಹಾರಕ್ಕೆ ಮುಳುಗಡೆ ಹೊಸದಲ್ಲ. ಹಳೆಯ ಊರು ಹಿನ್ನೀರಿನಡಿ ಹೋಯಿತು, ಜನ ಮೇಲಿನ ನೆಲಕ್ಕೆ ಬಂದು ಹೊಸ ಊರು ಕಟ್ಟಿಕೊಂಡರು. ಹೆದ್ದಾರಿಯ ಪ್ರಯಾಣಿಕರು ಇಳಿದು ಕೊಳ್ಳುವ ಗಡಿಗೆ ಮೊಸರಿನ ವ್ಯಾಪಾರವೂ ಅವರೊಂದಿಗೇ ಬಂತು. ಆಗ ಊರಿನವರ ಕೈಗೆ ಬಂದದ್ದು ನೋಟಿಸು ಮತ್ತು ಪರಿಹಾರದ ಅಂಕಿ. ಮುಳುಗಡೆಯ ಗೆರೆ ಅಲ್ಲಿಯೇ ಏಕೆ ಬಿತ್ತು ಎಂಬ ಲೆಕ್ಕ ಕಡತದಲ್ಲೇ ಉಳಿಯಿತು. ಅದು ಅಷ್ಟೇನೂ ಗಹನವಾದ ಲೆಕ್ಕವಲ್ಲ. ಕೂಡು, ಕಳೆ, ಗುಣಿಸು, ಭಾಗಿಸು ಬಲ್ಲವರು ಅರ್ಧ ದಿನ ಕೂತರೆ ಅದರ ಹುರುಳು ಹಿಡಿಯಬಹುದು, ಹಿಡಿಯಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹರಿಯುವ ನೀರಿನ ನಡೆಯನ್ನು ಎರಡು ಸಮೀಕರಣಗಳಲ್ಲಿ ಹಿಡಿದಿಟ್ಟವನು ಫ್ರಾನ್ಸಿನ ಸೇಂಟ್ ವೆನಾಂಟ್. ವರ್ಷ 1871. ಒಂದು, ಬಂದ ನೀರು ಎಲ್ಲೂ ಮಾಯವಾಗುವುದಿಲ್ಲ ಎಂಬುದು. ಇನ್ನೊಂದು, ನೀರನ್ನು ತಳ್ಳುವ ಬಲಕ್ಕೂ ತಡೆಯುವ ಬಲಕ್ಕೂ ಇರುವ ಹೊಂದಾಣಿಕೆ. ಬರೆದಿಡಲು ಎರಡೇ ಸಾಲು. ಬಿಡಿಸಲು ಹೋದರೆ, ಅಂಕುಡೊಂಕಾಗಿ ಹರಿಯುವ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಬ್ಬಿನ ಗದ್ದೆ ಇರುವ ಕೃಷ್ಣೆಯಂಥ ನಿಜವಾದ ನದಿಗೆ ಸೂತ್ರರೂಪದ ಉತ್ತರ ಸಿಗುವುದೇ ಇಲ್ಲ. ಸಂಖ್ಯಾತ್ಮಕ ವಿಧಾನಗಳ ಕೆಲಸ ಶುರುವಾಗುವುದೇ ಇಲ್ಲಿ. ಇಡೀ ನದಿಯನ್ನು ಒಮ್ಮೆಲೇ ಬಿಡಿಸುವ ಆಸೆ ಬಿಟ್ಟು, ಅದನ್ನು ತುಂಡು ತುಂಡಾಗಿ ವಿಂಗಡಿಸಿ, ಒಂದೊಂದೇ ತುಂಡನ್ನು ಬಿಡಿಸುತ್ತ ಹೋಗುವುದು.

ಹಿನ್ನೀರಿಗೆ ಈ ಕೆಲಸ ಅಣೆಕಟ್ಟಿನಿಂದ ಮೇಲ್ಮುಖವಾಗಿ ಸಾಗುತ್ತದೆ. ಗೇಟಿನ ಬಳಿಯ ಮಟ್ಟ ಗೊತ್ತಿದೆ. ಅಲ್ಲಿಂದ ಒಂದು ಕಿಲೋಮೀಟರ್ ಮೇಲೆ ಎಷ್ಟಿರಬಹುದು ಎಂದು ಮೊದಲು ಊಹಿಸಬೇಕು. ಆ ಊಹೆಯಿಂದ ಆಳ, ಆಳದಿಂದ ನೀರಿನ ವೇಗ, ವೇಗದಿಂದ ತಳ ಮತ್ತು ದಡಗಳ ಘರ್ಷಣೆಗೆ ಆಗುವ ನಷ್ಟ ಸಿಗುತ್ತದೆ. ಈ ನಷ್ಟವನ್ನು ಕೆಳಗಿನ ಮಟ್ಟಕ್ಕೆ ಕೂಡಿದರೆ ಮೇಲಿನ ಮಟ್ಟ ಬರಬೇಕು. ಊಹಿಸಿದ್ದು ಮತ್ತು ಬಂದದ್ದು ಹೊಂದದಿದ್ದರೆ ಊಹೆಯನ್ನು ತಿದ್ದಿ ಮತ್ತೆ ಮಾಡಬೇಕು. ಹೊಂದಿದ ಮೇಲೆ ಮುಂದಿನ ಕಿಲೋಮೀಟರು.

ಒಂದು ಸರಳ ಉದಾಹರಣೆ ಮಾಡಿ ನೋಡೋಣ. ನದಿಯ ಅಗಲ 1,000 ಮೀಟರ್, ಹರಿವು ಸೆಕೆಂಡಿಗೆ 10,000 ಘನ ಮೀಟರ್, ಅಂದರೆ ಸುಮಾರು ಮೂರೂವರೆ ಲಕ್ಷ ಕ್ಯೂಸೆಕ್ ಎಂದಿಟ್ಟುಕೊಳ್ಳಿ. ಆಳ 15 ಮೀಟರ್ ಇರುವಲ್ಲಿ ನೀರಿನ ಮೇಲ್ಮೈ ಒಂದು ಕಿಲೋಮೀಟರಿಗೆ ಏರುವುದು ಒಂದು ಸೆಂಟಿಮೀಟರಿಗಿಂತ ಚೂರು ಹೆಚ್ಚು. ಮೇಲೆ ಹೋದಂತೆ ನದಿಯ ತಳ ಏರುತ್ತದೆ, ಆಳ ಕಡಿಮೆಯಾಗುತ್ತದೆ. ಆಳ ಏಳೂವರೆ ಮೀಟರಿಗೆ ಇಳಿದಲ್ಲಿ ಏರಿಕೆ ಕಿಲೋಮೀಟರಿಗೆ 11 ಸೆಂಟಿಮೀಟರ್. 5 ಮೀಟರಿಗೆ ಇಳಿದರೆ 42 ಸೆಂಟಿಮೀಟರ್. ಆಳ ಅರ್ಧವಾದರೆ ಇಳಿಜಾರು ಹತ್ತು ಪಟ್ಟಾಗುತ್ತದೆ. ಅಣೆಕಟ್ಟಿನ ಹತ್ತಿರ ನೀರು ಮಟ್ಟಸವಾಗಿ ಕಂಡು, ಮೇಲೆ ಹೋಗುತ್ತ ಅದು ನದಿಯ ಸಹಜ ಇಳಿಜಾರಿಗೆ ಹೊಂದಿಕೊಳ್ಳುವುದು ಈ ಕಾರಣದಿಂದಲೇ.

ಹಾಗಾದರೆ ಹಿನ್ನೀರು ಎಲ್ಲಿ ಮುಗಿಯುತ್ತದೆ? ಗಣಿತದ ಪ್ರಕಾರ ಅದು ಮುಗಿಯುವುದೇ ಇಲ್ಲ. ಕಡಿಮೆಯಾಗುತ್ತ ಹೋಗುತ್ತದೆ, ಅಷ್ಟೇ. ಇಷ್ಟು ಸೆಂಟಿಮೀಟರಿಗಿಂತ ಕಡಿಮೆಯಾದರೆ ಇಲ್ಲವೆಂದೇ ತಿಳಿಯೋಣ ಎಂದು ಒಬ್ಬ ಎಂಜಿನಿಯರ್ ತೀರ್ಮಾನಿಸಿದಲ್ಲಿ ಹಿನ್ನೀರಿನ ಕೊನೆ. ಸಂತ್ರಸ್ತರ ಪಟ್ಟಿಯ ಕೊನೆಯ ಊರು ಯಾವುದು ಎಂಬುದು ಅಂಥ ತೀರ್ಮಾನಕ್ಕೆ ತಳಕು ಹಾಕಿಕೊಂಡಿರುವಾಗ, ಆ ಸೆಂಟಿಮೀಟರ್ ಎಷ್ಟು ಎಂದು ಕೇಳುವ ಹಕ್ಕು ಊರಿನವರಿಗೂ ಇದೆ.

ಈ ಲೆಕ್ಕದ ಅತ್ಯಂತ ಮೆತ್ತಗಿನ ಜಾಗ ಬೇರೆಯೇ ಇದೆ. ಮೇಲಿನ ಅಂಕಿಗಳನ್ನು ತೆಗೆಯುವಾಗ ನಾನು ನದಿಯ ಒರಟುತನವನ್ನು 0.03 ಎಂದು ಹಿಡಿದಿದ್ದೇನೆ. ಐರ್ಲೆಂಡಿನ ಎಂಜಿನಿಯರ್ ರಾಬರ್ಟ್ ಮ್ಯಾನಿಂಗ್ ಹೆಸರಿನಲ್ಲಿರುವ ಈ ಅಂಕಿಯನ್ನು ಯಾವ ಉಪಕರಣವೂ ನೇರವಾಗಿ ಅಳೆಯುವುದಿಲ್ಲ. ಮರಳಿನ ತಳಕ್ಕೆ ಒಂದು, ಕಲ್ಲಿನ ತಳಕ್ಕೆ ಒಂದು, ಜಾಲಿ ಬೆಳೆದ ದಡಕ್ಕೆ ಇನ್ನೊಂದು ಎಂದು ಅನುಭವಿಗಳು ನೋಡಿ ಆರಿಸುತ್ತಾರೆ. 0.03ರ ಬದಲು 0.04 ಹಿಡಿದರೆ ಏರಿಕೆ ಶೇ 78ರಷ್ಟು ಹೆಚ್ಚುತ್ತದೆ. ಹೊಳೆಸಾಲಿನಲ್ಲಿ ಜೋಳ ಹೋಗಿ ಕಬ್ಬು ಬಂದರೆ ಪ್ರವಾಹದ ನೀರಿಗೆ ಆಗುವ ತಡೆಯೂ ಬದಲಾಗುತ್ತದೆ. ಹಾಗಾಗಿ ಆರಿಸಿದ ಅಂಕಿಯನ್ನು ಹಳೆಯ ಮಹಾಪೂರದ ಗುರುತುಗಳಿಗೆ ತಾಳೆ ನೋಡಿ ತಿದ್ದುವುದು ಪದ್ಧತಿ. ಯಾವ ವರ್ಷ ನೀರು ಯಾವ ಗುಡಿಯ ಎಷ್ಟನೇ ಮೆಟ್ಟಿಲಿಗೆ ಬಂದಿತ್ತು, ಯಾರ ಮನೆಯ ಗೋಡೆಯಲ್ಲಿ ಕಲೆ ಎಲ್ಲಿಯವರೆಗೆ ಇತ್ತು ಎಂಬ ಊರಿನ ನೆನಪು ಇಲ್ಲಿ ಮೊದಲ ದರ್ಜೆಯ ದತ್ತಾಂಶ. ಹಳೆಯ ಕೊಲ್ಹಾರ ಮುಳುಗಿದಾಗ ಅಂಥ ಗೋಡೆ, ಮೆಟ್ಟಿಲುಗಳೂ ಮುಳುಗಿದವು. ಇವತ್ತು ದಂಡೆಯಲ್ಲಿರುವ ಊರುಗಳಲ್ಲಾದರೂ ಈ ಗುರುತುಗಳನ್ನು ಮಟ್ಟದ ಯಂತ್ರ ಇಟ್ಟು ಬರೆದಿಡುವ ಕೆಲಸ ಆಗಬೇಕು. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸವದು.

ಊಹಿಸು, ಲೆಕ್ಕ ಮಾಡು, ತಿದ್ದು, ಮತ್ತೆ ಮಾಡು ಎಂಬ ಈ ದಾರಿ ಕಂಪ್ಯೂಟರಿನೊಂದಿಗೆ ಬಂದದ್ದಲ್ಲ. ನಮ್ಮ ಜ್ಯೋತಿಷಿಗಳು ಇದನ್ನು ‘ಅಸಕೃತ್ ಕರ್ಮ’ ಎನ್ನುತ್ತಿದ್ದರು. ಗ್ರಹಣ ಎಷ್ಟು ಹೊತ್ತು ಇರುತ್ತದೆ ಎಂದು ತಿಳಿಯಲು ಸ್ಪರ್ಶದ ಕ್ಷಣದಲ್ಲಿ ಚಂದ್ರ ಎಲ್ಲಿದ್ದಾನೆ ಎಂಬುದು ಬೇಕು. ಆ ಕ್ಷಣ ಯಾವುದೆಂದು ತಿಳಿಯಲು ಗ್ರಹಣದ ಅವಧಿ ಬೇಕು. ಆದ್ದರಿಂದ ಒಂದು ಬೆಲೆ ಹಿಡಿದು, ಉತ್ತರ ಬದಲಾಗದೆ ನಿಲ್ಲುವವರೆಗೆ ಮತ್ತೆ ಮತ್ತೆ ಲೆಕ್ಕ ಹಾಕುವುದು. 1114ರಲ್ಲಿ ಹುಟ್ಟಿ 36ನೇ ವಯಸ್ಸಿಗೆ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರಿಗೆ ಇದು ಕೈವಶವಾಗಿತ್ತು. ಅವರು ತಮ್ಮ ಊರೆಂದು ಹೇಳುವ ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಹಲವರು ವಾದಿಸುತ್ತಾರೆ. ಮಹಾರಾಷ್ಟ್ರದ ಚಾಳೀಸಗಾಂವ ಬಳಿ ಅವರ ಮನೆತನದ ಶಾಸನ ಸಿಕ್ಕಿರುವುದರಿಂದ ಆ ಕಡೆಯ ವಾದವೂ ಬಲವಾಗಿದೆ.

ಹೊಸ ಕಾಲದಲ್ಲಿ ಈ ವಿದ್ಯೆಗೆ ದಾರಿ ತೆರೆದ ಕೃತಿಗಳಲ್ಲೊಂದು ಅಣೆಕಟ್ಟನ್ನೇ ಕುರಿತದ್ದು ಎಂಬುದು ನನಗೆ ತುಂಬ ಹಿಡಿಸುವ ಸಂಗತಿ. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ 1910ರಲ್ಲಿ ಕಲ್ಲುಕಟ್ಟಡದ ಅಣೆಕಟ್ಟಿನೊಳಗಿನ ಒತ್ತಡಗಳನ್ನು ಚೌಕುಳಿ ಚೌಕುಳಿಯಾಗಿ ಲೆಕ್ಕ ಹಾಕಿ ತೋರಿಸಿದ. ಅಂಕಿಗಳ ಲೆಕ್ಕದಲ್ಲಿ ಕೂಲಿ ಕೊಟ್ಟು ಹುಡುಗರಿಂದ ಎಣಿಕೆ ಮಾಡಿಸಿದ. 1928ರಲ್ಲಿ ಕೂರಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಇನ್ನೊಂದು ಕಟ್ಟಳೆ ಕಂಡುಕೊಂಡರು. ಪ್ರವಾಹದ ಅಲೆಯನ್ನು ಕಾಲದ ಜೊತೆ ಹಿಂಬಾಲಿಸುವಾಗ, ಒಂದು ಹೆಜ್ಜೆಯ ಅವಧಿಯಲ್ಲಿ ಅಲೆ ಒಂದು ತುಂಡಿಗಿಂತ ಮುಂದೆ ಹೋಗಬಾರದು. 15 ಮೀಟರ್ ಆಳದಲ್ಲಿ 500 ಮೀಟರಿನ ತುಂಡುಗಳಾದರೆ ಹೆಜ್ಜೆ 39 ಸೆಕೆಂಡು ದಾಟುವಂತಿಲ್ಲ. ದಾಟಿದರೆ ಲೆಕ್ಕ ಕೆರಳಿ, ನದಿಯಲ್ಲಿಲ್ಲದ ಅಲೆಗಳನ್ನು ಕಾಗದದ ಮೇಲೆ ಎಬ್ಬಿಸುತ್ತದೆ. ಈ ಕಟ್ಟನ್ನು ಸಡಿಲಿಸುವ ಉಪಾಯಗಳು ಮುಂದೆ ಬಂದವು, ಈಗ ಎಲ್ಲ ಕಡೆ ಬಳಕೆಯಲ್ಲಿವೆ.

ಇದೆಲ್ಲ ಈಗ ಏಕೆ ಎಂದರೆ, ಗೆರೆ ಮತ್ತೆ ಏರಲಿದೆ. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿಯಲ್ಲಿ ಈಗ 519.6 ಮೀಟರಿನವರೆಗೆ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. 2010ರ ತೀರ್ಪಿನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆಯ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿತು. ನ್ಯಾಯಮಂಡಳಿ ಒಪ್ಪಿದ ಎತ್ತರದ ಮೂರು ದಶಮಾಂಶ ನೋಡಿ ಮಿಲಿಮೀಟರಿನ ನಿಖರತೆ ಎಂದು ಯಾರೂ ಭ್ರಮಿಸಬೇಕಿಲ್ಲ. 524.256 ಮೀಟರ್ ಎಂದರೆ ಸರಿಯಾಗಿ 1,720 ಅಡಿ. ಅಡಿಯ ಅಂಕಿಯನ್ನು ಮೀಟರಿಗೆ ತಂದಾಗ ದಶಮಾಂಶ ಹುಟ್ಟಿಕೊಂಡಿದೆ.

ಏರಿಕೆ 4.656 ಮೀಟರ್. ಸಾವಿರಕ್ಕೆ ಒಂದರಷ್ಟು ಮಾತ್ರ ಇಳಿಜಾರಿರುವ ಎರೆಹೊಲದಲ್ಲಿ ನೀರು ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಒಳಕ್ಕೆ ಬರುತ್ತದೆ. ಅದೇ ನೆಲದಲ್ಲಿ ಹಿನ್ನೀರಿನ ಲೆಕ್ಕ ಒಂದು ಗೇಣು ತಪ್ಪಿದರೆ ಗೆರೆ 230 ಮೀಟರ್ ಸರಿಯುತ್ತದೆ. ದಂಡೆಯ ಪ್ರತಿ ಕಿಲೋಮೀಟರಿಗೆ 57 ಎಕರೆ ಒಳಗೋ ಹೊರಗೋ ಆಗುತ್ತದೆ.

ಅತ್ತ ಸಾಂಗಲಿ, ಕೊಲ್ಹಾಪುರದವರ ಆತಂಕವೂ ಇದೇ ಲೆಕ್ಕದ್ದು. 2005ರಲ್ಲೂ 2019ರಲ್ಲೂ ಅವರ ಊರುಗಳಿಗೆ ನೀರು ನುಗ್ಗಿದಾಗ ಆಲಮಟ್ಟಿಯ ಹಿನ್ನೀರಿನತ್ತ ಬೆರಳು ತೋರಿಸಲಾಯಿತು. ಆಲಮಟ್ಟಿ ಕಾರಣವಲ್ಲ ಎಂದು ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡ್ನೆರೆ ಸಮಿತಿ ಹೇಳಿತು. ಆದರೂ ಎತ್ತರಿಸುವುದಕ್ಕೆ ವಿರೋಧ ನಿಂತಿಲ್ಲ. ಪರೀಕ್ಷೆಯ ದಾರಿ ನೇರವಾಗಿದೆ. ಅದೇ ಮಳೆ, ಅದೇ ಹರಿವು ಇಟ್ಟು, ಅಣೆಕಟ್ಟು ಇದ್ದಂತೆ ಒಮ್ಮೆ, ಇಲ್ಲದಂತೆ ಒಮ್ಮೆ ಲೆಕ್ಕ ಓಡಿಸಿ, ಸಾಂಗಲಿಯಲ್ಲಿ ಎರಡರ ವ್ಯತ್ಯಾಸ ನೋಡುವುದು. ಗೇಟುಗಳನ್ನು ಯಾವ ಹೊತ್ತಿಗೆ ಎಷ್ಟು ತೆರೆದರು ಎಂಬುದನ್ನೂ ಅದರಲ್ಲಿ ಸೇರಿಸಬೇಕು. ಒರಟುತನದ ಅಂಕಿಯನ್ನು ಒಂದೇ ಹಿಡಿಯದೆ, ಕಡಿಮೆ, ನಡು, ಹೆಚ್ಚು ಎಂದು ಮೂರು ಬಾರಿ ಓಡಿಸಿ ಮೂರು ಗೆರೆಗಳನ್ನೂ ನಕ್ಷೆಯ ಮೇಲೆ ತೋರಿಸಬೇಕು.

ಕೊಲ್ಹಾರ, ಬೀಳಗಿ, ಜಮಖಂಡಿ ಕಡೆಯ ರೈತರ ಮುಂದೆಯೂ ಅದೇ ಮೂರು ಗೆರೆಗಳ ನಕ್ಷೆ ಕನ್ನಡದಲ್ಲಿ ಬರಬೇಕು, ಗ್ರಾಮಸಭೆಯ ಗೋಡೆಗೆ ಅಂಟಿಸುವಷ್ಟು ದೊಡ್ಡದಾಗಿ. ನದಿಯ ಅಡ್ಡಕೊಯ್ತಗಳನ್ನು ಯಾವ ವರ್ಷ ಅಳೆದದ್ದು, ಆಮೇಲೆ ಕೂತ ಹೂಳಿನ ಲೆಕ್ಕ ಸೇರಿದೆಯೇ, ಎಷ್ಟು ಲಕ್ಷ ಕ್ಯೂಸೆಕ್ ಹರಿವಿಗೆ ಈ ಗೆರೆ, ಯಾವ ಪೂರದ ಗುರುತಿಗೆ ತಾಳೆ ನೋಡಿದ್ದು ಎಂಬ ನಾಲ್ಕು ವಿವರಗಳು ನಕ್ಷೆಯ ಮೂಲೆಯಲ್ಲಿ ಇರಲಿ. ಜಂಟಿ ಸರ್ವೆಗೆ ಬಂದವರ ಎದುರು ತನ್ನ ಗುಂಟೆ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂದು ವಾದಿಸಬೇಕಾದ ರೈತ, ಆಗ ಎಂಜಿನಿಯರ್ ಹಿಡಿದ ಅಂಕಿಯನ್ನೇ ಹಿಡಿದು ಮಾತಾಡಬಲ್ಲ.